ಹೋಲ್ ತೆರೆದು ಸುಮ್ನೆ ಕೂರುವುದು: ಈವ್ ಆನ್‌ಲೈನ್ ಸ್ಕೌಟಿಂಗ್‌ನಲ್ಲಿ ನನ್ನ ಅನುಭವ

ಈವ್ ಆನ್‌ಲೈನ್ ಅಂದರೆ ಬಾಹ್ಯಾಕಾಶದಲ್ಲಿ ಹಡಗು ಓಡಿಸುವ ಆನ್‌ಲೈನ್ ಆಟ; ಸ್ಕೌಟಿಂಗ್ ಅಂದರೆ ಅದರಲ್ಲಿ ಗೊತ್ತಿಲ್ಲದ ಜಾಗಕ್ಕೆ ಹೋಗಿ ಯಾರಿದ್ದಾರೆ, ಏನಿದೆ ಅಂತ ನೋಡಿ ಬರುವುದು. ವರ್ಮ್‌ಹೋಲ್ (ಒಂದು ನಕ್ಷತ್ರ ಮಂಡಲದಿಂದ, ಅಂದರೆ ಸಿಸ್ಟಮ್‌ನಿಂದ, ಇನ್ನೊಂದಕ್ಕೆ ಹೋಗುವ ತಾತ್ಕಾಲಿಕ ಬಾಗಿಲು) ದಾಟಿದ ತಕ್ಷಣ ಪ್ರೋಬ್ (ಹುಡುಕಾಟದ ಪುಟ್ಟ ಯಂತ್ರ) ಬಿಡಬೇಡಿ, ಒಂದು ಗಂಟೆ ಕ್ಲೋಕ್ (ಹಡಗನ್ನು ಮರೆಮಾಡುವ ಸಾಧನ) ಹಾಕಿ ಕೂತಿರಿ ಅಂತ ನಾನು ಅಂದಾಗ ನಮ್ಮ ಕಾರ್ಪ್‌ನಲ್ಲಿ (ಆಟಗಾರರ ಗುಂಪಿನಲ್ಲಿ) ಎಲ್ಲರೂ ನಕ್ಕಿದ್ದರು. "ಅಷ್ಟೊತ್ತಿಗೆ ನಾನು ಮೂರು ಸಿಸ್ಟಮ್ ಮುಗಿಸಿ ಊಟಕ್ಕೆ ಎದ್ದಿರ್ತೀನಿ ಗುರು" ಅಂದ ಒಬ್ಬ. ಮುಗಿಸುತ್ತಿದ್ದ, ಸುಳ್ಳಲ್ಲ. ತಿಂಗಳಿಗೆ ನಾಲ್ಕೈದು ಹಡಗು ಕಳೆದುಕೊಳ್ಳುತ್ತಿದ್ದವನೂ ಅವನೇ. ನನ್ನ ಸ್ಕೌಟಿಂಗ್ ಹಡಗು ಹೀಲಿಯೋಸ್ ಹೆಚ್ಚೂಕಮ್ಮಿ ಏಳೆಂಟು ತಿಂಗಳಿಂದ ಅದೇ ಇದೆ. ಹಾಗಾಗಿ ಈಗ ಬರೆಯುತ್ತಿದ್ದೇನೆ.

ಪ್ರೋಬ್ ಜೋಡಿಸುವುದು, 100% ಸಿಗ್ನಲ್ ತರುವುದು ಎಲ್ಲ ನಿಮಗೆ ಗೊತ್ತು. ಅದನ್ನು ಬಿಡೋಣ.

ಮೊದಲು ನಾನೂ ಎಲ್ಲರ ಹಾಗೆ ಹೆರಾನ್ ಅನ್ನುವ ಅಗ್ಗದ ಹಡಗಿನಲ್ಲಿ ಓಡಾಡುತ್ತಿದ್ದೆ. ಫಿಟ್ಟಿಂಗ್ ಸೇರಿ ಎರಡು-ಮೂರು ಮಿಲಿಯನ್ ಇಸ್ಕ್ (ಆಟದೊಳಗಿನ ದುಡ್ಡು), ಹೋದರೆ ಹೋಯಿತು. ಆಮೇಲೆ ತಿಂಗಳ ಚಂದಾ ಕಟ್ಟಿ ಹೀಲಿಯೋಸ್‌ಗೆ ಬಂದೆ. ಹಡಗು, ಕೋವರ್ಟ್ ಆಪ್ಸ್ ಕ್ಲೋಕ್, ಪ್ರೋಬ್ ಹಾರಿಸುವ ಸಿಸ್ಟರ್ಸ್ ಲಾಂಚರ್, ಪ್ರೋಬ್‌ಗಳು ಎಲ್ಲ ಸೇರಿ ಆಟದ ದೊಡ್ಡ ಮಾರುಕಟ್ಟೆ ಜೀಟಾದಲ್ಲಿ 80 ಮಿಲಿಯನ್ ಸುತ್ತಮುತ್ತ ಆಗಿತ್ತು. ಕ್ಲೋಕ್ ಇದೆ, ಇನ್ನೇನು ಭಯ? ಮೊದಲ ಎರಡು ಹೀಲಿಯೋಸ್ ಬೇಗ ಬೇಗನೇ ಹೋದವು. ಎರಡನೆಯದು ಒಂದು ಸಿ3ಯಲ್ಲಿ (ವರ್ಮ್‌ಹೋಲ್ ಆಚೆಯ ಸಿಸ್ಟಮ್‌ಗಳ ಮೂರನೇ ದರ್ಜೆ; ನಂಬರ್ ಏರಿದಂತೆ ಅಪಾಯ ಜಾಸ್ತಿ). ಒಳಗೆ ನಾನು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಾಪಸ್ ಹೋಗಲು ಹೋಲ್‌ಗೆ ಬಂದರೆ ಸೇಬರ್ ಅನ್ನುವ ಬೇಟೆ ಹಡಗು ಬಬಲ್ (ವಾರ್ಪ್ ಆಗಿ, ಅಂದರೆ ಭಾರೀ ವೇಗದಲ್ಲಿ ಹಾರಿ, ತಪ್ಪಿಸಿಕೊಳ್ಳಲು ಬಿಡದ ಗುಳ್ಳೆ) ಹಾಕಿಕೊಂಡು ಕಾಯುತ್ತಿತ್ತು. ಹಡಗಿನ ಜೊತೆ ಪಾಡ್ (ಹಡಗು ಒಡೆದರೆ ಪೈಲಟ್ ಉಳಿಯುವ ಪುಟ್ಟ ಕೋಶ) ಕೂಡ ಹೋಯಿತು, ಅದರಲ್ಲಿದ್ದ, ಪೈಲಟ್‌ನ ಸಾಮರ್ಥ್ಯ ಹೆಚ್ಚಿಸುವ ಇಂಪ್ಲಾಂಟ್‌ಗಳು ಹಡಗಿಗಿಂತ ಜಾಸ್ತಿ ಬೆಲೆಯವು.

ಅವರಿಗೆ ಗೊತ್ತಾಗಿದ್ದು ಹೇಗೆ? ನನ್ನನ್ನು ನೋಡಿ ಅಲ್ಲ, ಹೋಲ್ ನೋಡಿ. ಯಾರೂ ತೆರೆಯದ ಹೋಲನ್ನು ನಾವು ದಾಟಿದರೆ ಆ ಕಡೆ ಕೆ162 (ಹೋಲ್‌ನ ಆಚೆ ತುದಿಯ ಹೆಸರು) ಹುಟ್ಟುತ್ತದೆ, ಅಲ್ಲಿ ವಾಸ ಇರುವವರ ಸ್ಕ್ಯಾನರ್ ಪಟ್ಟಿಯಲ್ಲಿ ಹೊಸ ಗುರುತು, ಅಂದರೆ ಸಿಗ್ನೇಚರ್ ಒಂದು ಬರುತ್ತದೆ. ವರ್ಮ್‌ಹೋಲ್‌ನಲ್ಲಿ ಲೋಕಲ್ ಚಾಟ್ ನಮ್ಮ ಹೆಸರು ತೋರಿಸುವುದಿಲ್ಲ, ನಿಜ. ಆದರೆ ಬಾಗಿಲು ತೆರೆದ ಸದ್ದು ಆಗಿಯೇ ಆಗುತ್ತದೆ. ಹೊಸ ಸಿಗ್ ಕಂಡ ಹತ್ತು ನಿಮಿಷ ಅವರು ಜಾಗರೂಕರಾಗಿರುತ್ತಾರೆ. ನಾವು ಪ್ರೋಬ್ ಬಿಡುವುದೂ ಅದೇ ಹತ್ತು ನಿಮಿಷದಲ್ಲಿ. ಅವರ ಡಿ-ಸ್ಕ್ಯಾನ್ (ಸುತ್ತ ಏನಿದೆ ಅಂತ ತೋರಿಸುವ ಹಡಗಿನ ಸ್ಕ್ಯಾನರ್) 14.3 ಎಯು (ಒಂದು ಎಯು ಅಂದರೆ ಭೂಮಿ-ಸೂರ್ಯರ ನಡುವಿನ ದೂರ) ದೂರ ನೋಡುತ್ತದೆ, ಪ್ರೋಬ್ ಬಿದ್ದರೆ ಕಥೆ ಮುಗಿಯಿತು.

ಹಾಗಾಗಿ ನನ್ನ ಕ್ರಮ ಹೀಗೆ. ದಾಟಿದ ಮೇಲೆ ಅಲುಗಾಡದಿದ್ದರೆ ಸುಮಾರು ಒಂದು ನಿಮಿಷ ಜಂಪ್ ಕ್ಲೋಕ್ (ತಾನಾಗಿ ಸಿಗುವ ಮರೆ) ಇರುತ್ತದೆ. ಅಷ್ಟರಲ್ಲಿ ಹೋಲ್ ಬುಕ್‌ಮಾರ್ಕ್, ಒಂದು ಡಿ-ಸ್ಕ್ಯಾನ್. ಫೋರ್ಸ್ ಫೀಲ್ಡ್ (ರಕ್ಷಣಾ ಕವಚ) ಕಂಡರೆ ಟವರ್, ಅಂದರೆ ಅಲ್ಲಿನವರ ನೆಲೆ, ಚಾಲೂ ಇದೆ ಅಂತ ಅರ್ಥ. ಹೋಲ್‌ನಿಂದ 2,000 ಮೀಟರ್ ಆಚೆ ಇದ್ದೇನಾ ನೋಡಿಕೊಂಡು, ಹೊರಟು, ಕ್ಲೋಕ್ ಒತ್ತುತ್ತೇನೆ. ಒಂದು ಗ್ರಹಕ್ಕೆ ಹೋಗಿ, ಅಲ್ಲಿಂದ ಹೋಲ್‌ಗೆ 100 ಕಿಲೋಮೀಟರ್ ದೂರದಲ್ಲಿ ಬಂದು, ವಾರ್ಪ್ ಗೆರೆ (ಹಡಗುಗಳು ಹಾರಿ ಬರುವ ನೇರ ದಾರಿ) ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರಿದು ಕೂರುತ್ತೇನೆ. ಅಷ್ಟೇ. ಆ ಒಂದು ಗಂಟೆಯಲ್ಲಿ ಅನ್ನಕ್ಕೆ ಇಟ್ಟಿದ್ದೂ ಇದೆ, ಪಾತ್ರೆ ತೊಳೆದಿದ್ದೂ ಇದೆ. ಹೆಡ್‌ಫೋನ್ ಮಾತ್ರ ಕಿವಿಯಲ್ಲೇ.

ಮಜಾ ಇರುವುದು ಇಲ್ಲೇ. ನಾವು ಹುಡುಕಿಕೊಂಡು ಹೋಗಬೇಕಾದವರು ತಾವಾಗೇ ನಮ್ಮ ಮುಂದೆ ಬರುತ್ತಾರೆ. ಹೋಲ್ ಹತ್ತಿರ ಬಂದವರ ಕ್ಲೋಕ್ ತಾನಾಗಿ ಬಿಡುತ್ತದೆ. ಒಂದು ಸಲ ಬಝರ್ಡ್ (ಹೀಲಿಯೋಸ್ ಥರದ್ದೇ ಸ್ಕೌಟಿಂಗ್ ಹಡಗು) ಒಂದು ಹಾಗೆ ಹೊರಬಿತ್ತು, ಮಾಲೀಕನ ಹೆಸರೂ ಅದರ ಮೇಲೇ ಇತ್ತು. ಹೋಲ್ ಒಮ್ಮೆ ಉಬ್ಬಿ ಬೆಳಗಿ, ಆ ಗುಡುಗಿನಂಥ ಸದ್ದಾಯಿತು. ಆಚೆ ಇಣುಕಲು ಹೋದ. ಅರ್ಧ ನಿಮಿಷಕ್ಕೆ ಮತ್ತೆ ಸದ್ದು, ವಾಪಸ್ ಬಂದ. ಹಿಂದೆಯೇ ಸೇಬರ್ ಬಂತು, ಇಪ್ಪತ್ತು ನಿಮಿಷ ಕೂತು ಬೇಜಾರಾಗಿ ಹೋಯಿತು. ಎಷ್ಟು ಜನ, ಯಾವ ಕಾರ್ಪ್, ಯಾವ ಹಡಗು ಎಲ್ಲ ಒಂದು ಪ್ರೋಬ್ ಕೂಡ ಬಿಡದೆ ಸಿಕ್ಕಿತು. ಸೇಬರ್ ಯಾವ ಕಡೆ ವಾರ್ಪ್ ಆಯಿತು ನೋಡಿ, ಆ ದಿಕ್ಕಿಗೆ ಡಿ-ಸ್ಕ್ಯಾನ್ 5 ಡಿಗ್ರಿಗೆ ಇಳಿಸಿ ಟವರ್ ಇರುವ ಗ್ರಹವನ್ನೂ ಹಿಡಿದೆ.

ಪ್ರೋಬ್ ಬಿಡುವುದು ಆಮೇಲೆ. ಬಿಡುವಾಗ ಕ್ಲೋಕ್ ತೆಗೆಯಲೇಬೇಕು, ಅದಕ್ಕೆ ಎಲ್ಲ ಗ್ರಹಗಳಿಂದ 14.3 ಎಯುಗಿಂತ ದೂರದ ಜಾಗ ಬೇಕು. ಅಂಥ ಜಾಗ ಹೇಗೆ ಮಾಡಿಕೊಳ್ಳುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಇದನ್ನು ಓದುವವರಲ್ಲಿ ಬಬಲ್ ಹಾಕುವವರೂ ಇರುತ್ತಾರೆ ಅಲ್ವಾ?

ಹೊತ್ತು ಮುಖ್ಯ. ದಿನಾ ಆಟದ ಗಡಿಯಾರದಲ್ಲಿ 11:00ಕ್ಕೆ ಸರ್ವರ್ ನಿಲ್ಲುತ್ತದೆ, ನಮಗೆ ಸಂಜೆ ನಾಲ್ಕೂವರೆ. ಮತ್ತೆ ಎದ್ದಾಗ ಸಿಗ್ನೇಚರ್ ನಂಬರ್‌ಗಳೆಲ್ಲ ಬದಲಾಗಿರುತ್ತವೆ, ಅವರ ಹಳೇ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಯುರೋಪಿನವರು ಆಫೀಸಿನಲ್ಲಿರುತ್ತಾರೆ. ಇಂಡಿಯಾದಲ್ಲಿ ಕೂತು ಆಡುವವರಿಗೆ ಇದಕ್ಕಿಂತ ಒಳ್ಳೇ ಹೊತ್ತಿಲ್ಲ. ರಾತ್ರಿ ಹನ್ನೆರಡೂವರೆ ಹೊತ್ತಿಗೆ ಅವರೆಲ್ಲ ಮನೆಗೆ ಬಂದಿರುತ್ತಾರೆ, ಆಗ ಹೋಗುವುದು ದಂಡ.

ನಡುವೆ ಬೇರೆ ಪ್ರಯೋಗಗಳೂ ಆದವು. ಎರಡನೇ ಅಕೌಂಟ್ ತೆಗೆದು ಒಬ್ಬನನ್ನು ಹೋಲ್ ಹತ್ತಿರ ಕೂರಿಸಿ, ಇನ್ನೊಬ್ಬನಿಂದ ಸ್ಕ್ಯಾನ್ ಮಾಡಿಸಿದೆ. ಚೆನ್ನಾಗೇ ನಡೆಯಿತು. ಆದರೆ 2022ರಲ್ಲಿ ಚಂದಾ ತಿಂಗಳಿಗೆ 20 ಡಾಲರ್ ಹತ್ತಿರ ಹೋಯಿತು, ಎರಡೆರಡು ಕಟ್ಟಲು ಮನಸ್ಸು ಬರಲಿಲ್ಲ, ನಿಲ್ಲಿಸಿದೆ. ಥೇರಾ ಅನ್ನುವ ವರ್ಮ್‌ಹೋಲ್ ಸಿಸ್ಟಮ್‌ನಲ್ಲೂ ಕೂತು ನೋಡಿದೆ. ಅಲ್ಲಿ ಹೋಲ್‌ಗಳು ಜಾಸ್ತಿ, ಓಡಾಟ ಜಾಸ್ತಿ, ಯಾರು ಯಾರ ಕಡೆಯವರು ಅಂತಲೇ ತಿಳಿಯುವುದಿಲ್ಲ. ರೂಟರ್‌ಗೆ ಹಾಕಿದ ಸಣ್ಣ ಯುಪಿಎಸ್ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕರೆಂಟ್ ಹೋದಾಗ ಹಡಗು ತಾನಾಗಿ ವಾರ್ಪ್ ಆಗಿ ಬಟಾಬಯಲಲ್ಲಿ ನಿಂತಿರುತ್ತಿತ್ತು.

ದುಡ್ಡಿನ ವಿಷಯ. ರೆಲಿಕ್ ಸೈಟ್ (ಹ್ಯಾಕ್ ಮಾಡಿ ಬೆಲೆಬಾಳುವ ಸಾಮಾನು ತೆಗೆಯುವ ಜಾಗ) ನಾನು ಮುಟ್ಟುವುದು ಕಡಿಮೆ. ಮಾಹಿತಿ ಮಾರುತ್ತೇನೆ. ಹೈಸೆಕ್‌ಗೆ (ಪೊಲೀಸ್ ಕಾವಲಿರುವ ಸುರಕ್ಷಿತ ಪ್ರದೇಶಕ್ಕೆ) ಸ್ಟ್ಯಾಟಿಕ್ (ಮುಚ್ಚಿದರೂ ಮತ್ತೆ ಹುಟ್ಟುವ ಕಾಯಂ ಹೋಲ್) ಇರುವ, ಯಾರೂ ವಾಸವಿಲ್ಲದ ಸಿ2 ಒಂದಕ್ಕೆ 300 ಮಿಲಿಯನ್ ಹತ್ತಿರ ಬಂತು. ಕೊಂಡವನು ಖಾಲಿ ಅಂದರೆ ನಂಬಲಿಲ್ಲ, ಜೆ-ನಂಬರ್ (ಆ ಸಿಸ್ಟಮ್‌ನ ಹೆಸರು) ಕಿಲ್‌ಬೋರ್ಡ್‌ನಲ್ಲಿ (ಎಲ್ಲಿ ಯಾರ ಹಡಗು ಒಡೆಯಿತು ಅಂತ ದಾಖಲಿಸುವ ವೆಬ್‌ಸೈಟ್‌ನಲ್ಲಿ) ನೋಡಿಕೋ ಅಂದೆ. ಜೊತೆಗೆ ಒಂದು ವಾರ ಬಿಟ್ಟು ಬಿಟ್ಟು ತೆಗೆದ ಡಿ-ಸ್ಕ್ಯಾನ್ ಕೊಟ್ಟೆ. ಇಸ್ಕ್ ಬಂತು. ನಕ್ಕಿದ್ದ ನಮ್ಮ ಹುಡುಗ ಈಗ ಆ ಕೊಂಡವರ ಪರವಾಗಿ ಇನ್ನೊಂದು ಸಿ2 ಹುಡುಕಿಕೊಡು ಅಂತ ನನ್ನ ಹಿಂದೆ ಬಿದ್ದಿದ್ದಾನೆ.

ಸಿ5ರಲ್ಲಿ ಈ ಕ್ರಮ ಅಷ್ಟು ನಡೆಯುವುದಿಲ್ಲ. ಅಲ್ಲಿನವರು ಕಾಯುವ ಜನ ಅಲ್ಲ. ಬೇಡದ ಹೋಲ್ ಕಂಡರೆ ದೊಡ್ಡ ಹಡಗು ತಂದು ಆಚೀಚೆ ಹಾಯಿಸಿ ಮುಚ್ಚಿಯೇ ಬಿಡುತ್ತಾರೆ. ನಾನು ಕೂತು ನೋಡುತ್ತಿದ್ದ ಹಾಗೇ ಎರಡು-ಮೂರು ಸಲ ಹೀಗಾಗಿದೆ. ಆಗ ಅವರ ಸ್ಟ್ಯಾಟಿಕ್ ಹುಡುಕಿ ಅದರಿಂದಲೇ ಹೊರಬೀಳಬೇಕು, ಅದಕ್ಕೆ ಇನ್ನೊಂದು ಸೆಟ್ ಪ್ರೋಬ್ ಕಾರ್ಗೋದಲ್ಲಿ ಇಟ್ಟುಕೊಂಡಿರಿ.