ಮೂರು ತುಂಬುವ ಮೊದಲೇ ಡಿಸ್ನಿಗೆ ಹೋಗಬೇಕೆ?

ಮಗುವಿಗೆ ಎರಡೂವರೆ ವರ್ಷ ದಾಟುತ್ತಿದ್ದಂತೆ ಅಮೆರಿಕದ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಮೂರು ತುಂಬುವುದರೊಳಗೆ ಡಿಸ್ನಿಗೆ ಹೋಗಿಬಂದರೆ ಮಗುವಿನ ಟಿಕೆಟ್ಟಿನ ದುಡ್ಡು ಉಳಿಯುತ್ತದೆ ಎಂಬ ಹಿತವಚನ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತವರಿಗೂ ತಪ್ಪದೆ ಸಿಗುತ್ತದೆ. ಮಾತು ಸುಳ್ಳಲ್ಲ. ಆದರೆ ಅದನ್ನು ನಂಬಿ ಮನೆಮಂದಿಯನ್ನೆಲ್ಲ ಹೊರಡಿಸುವ ಮುನ್ನ ಹೊಸಬರು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ನಿಯಮ ಸರಳವಾಗಿದೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್ ಆಗಲಿ, ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್ ಆಗಲಿ, 3 ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. 3ರಿಂದ 9 ವರ್ಷದವರಿಗೆ ಮಕ್ಕಳ ಟಿಕೆಟ್. 10 ತುಂಬಿದರೆ ದೊಡ್ಡವರ ಲೆಕ್ಕ. ಒರ್ಲ್ಯಾಂಡೊದ ಯೂನಿವರ್ಸಲ್‌ನಲ್ಲಿಯೂ ಗಡಿ ಮೂರೇ. ಲೆಗೊಲ್ಯಾಂಡ್‌ನವರು ‘2 ವರ್ಷ ಮತ್ತು ಅದಕ್ಕಿಂತ ಕಡಿಮೆ’ ಎಂದು ಬರೆದಿರುವುದನ್ನು ನೋಡಿ ಎರಡೂವರೆ ವರ್ಷದ ಮಗುವಿಗೆ ದುಡ್ಡು ಕಟ್ಟಿದವರನ್ನು ನಾನು ಬಲ್ಲೆ. ಆ ಬರಹಕ್ಕೂ ಅರ್ಥ ಒಂದೇ, ಮೂರನೆಯ ಹುಟ್ಟುಹಬ್ಬದ ಹಿಂದಿನ ದಿನದವರೆಗೂ ಮಗು ಎರಡು ವರ್ಷದ್ದೇ. ಟೋಕಿಯೊ ಡಿಸ್ನಿಯಲ್ಲಿ ಮಾತ್ರ ಮಕ್ಕಳ ಟಿಕೆಟ್ 4ರಿಂದ ಆರಂಭವಾಗುವುದರಿಂದ, ಊರಿಗೆ ಹೋಗುವಾಗ ಜಪಾನಿನ ಮೂಲಕ ಹಾದುಹೋಗುವವರಿಗೆ ಇನ್ನೊಂದು ವರ್ಷದ ಅವಕಾಶವಿದೆ.

ಮಕ್ಕಳ ಟಿಕೆಟ್ ಎಂದೊಡನೆ ನಮ್ಮ ಮನಸ್ಸಿಗೆ ಬಸ್ಸಿನ ಅರ್ಧ ಟಿಕೆಟ್ ಬರುತ್ತದೆ. ಇಲ್ಲಿ ಹಾಗಿಲ್ಲ. ಡಿಸ್ನಿಯಲ್ಲಿ ಒಂದು ದಿನದ ಮಕ್ಕಳ ಟಿಕೆಟ್ ದೊಡ್ಡವರದ್ದಕ್ಕಿಂತ ಕೆಲವೇ ಡಾಲರ್ ಕಡಿಮೆ ಇರುತ್ತದೆ. ಹುಟ್ಟುಹಬ್ಬದ ಈಚೆಗೆ ಏನೂ ಇಲ್ಲ, ಆಚೆಗೆ ಹೆಚ್ಚುಕಡಿಮೆ ಪೂರ್ತಿ ಹಣ. ಇಷ್ಟೆಲ್ಲ ಆತುರಕ್ಕೆ ಮೂಲವೇ ಇದು.

ವಯಸ್ಸಿನ ಲೆಕ್ಕ ಪಾಸ್‌ಪೋರ್ಟಿನಲ್ಲಿರುವ ತಾರೀಖಿನದು. ಅಜ್ಜಿ ತಿಥಿ ನೋಡಿ ಆಚರಿಸಿದ ಹುಟ್ಟುಹಬ್ಬ ಅದಕ್ಕಿಂತ ಒಂದೆರಡು ವಾರ ಹಿಂದೆ ಮುಂದೆ ಆಗಿದ್ದರೂ ಗೇಟಿನಲ್ಲಿ ಅದು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಯಾರೂ ದಾಖಲೆ ಕೇಳುವುದಿಲ್ಲ. ಪಾಸ್‌ಪೋರ್ಟಿನ ಚಿತ್ರವೊಂದು ಫೋನಿನಲ್ಲಿದ್ದರೆ ಸಾಕು. ಟಿಕೆಟ್ ಬೇಡದ ಮಗುವನ್ನೂ ಊಟದ ಬುಕಿಂಗ್‌ನಲ್ಲಿ ಒಂದು ತಲೆಯಾಗಿ ಸೇರಿಸಬೇಕು, ಮರೆಯಬೇಡಿ.

ಯಾರೂ ದಾಖಲೆ ಕೇಳುವುದಿಲ್ಲ ಎಂಬ ಸಂಗತಿಯೇ ನಮ್ಮವರನ್ನು ದಾರಿ ತಪ್ಪಿಸುವುದು. ನಮ್ಮಲ್ಲಿ ಬಹಳ ಜನ ಕಂಡಕ್ಟರ್ ಹತ್ತಿರ ಬರುತ್ತಿದ್ದಂತೆ ಅಮ್ಮನ ತೊಡೆಯ ಮೇಲೆ ಮುದುಡಿ ಕೂತು ಬೆಳೆದವರು, “ಕೇಳಿದರೆ ಐದು ಅನ್ನು” ಎಂದು ಕಿವಿಯಲ್ಲಿ ಉಸುರಿಸಿಕೊಂಡವರು. ಆ ಕಂಡಕ್ಟರಿಗೂ ಮನೆಯಲ್ಲಿ ಅಂಥದೇ ಐದು ವರ್ಷದ ಮಗುವಿರುತ್ತಿತ್ತು. ಅವನು ಒಮ್ಮೆ ದಿಟ್ಟಿಸಿ ನೋಡಿ, ನಕ್ಕು ಮುಂದೆ ಹೋಗುತ್ತಿದ್ದ. ಆ ಸುಳ್ಳಿನಲ್ಲಿ ಎರಡೂ ಕಡೆಯವರಿಗೆ ಗೊತ್ತಿದ್ದ ಒಂದು ಬಡತನವಿತ್ತು. ಆ ಅಭ್ಯಾಸವನ್ನು ಈಗ ಸಾವಿರಗಟ್ಟಲೆ ಡಾಲರ್ ಖರ್ಚಿನ ಪ್ರವಾಸಕ್ಕೆ ಹೊತ್ತು ತಂದು, ಮೂರು ವರ್ಷ ಎರಡು ತಿಂಗಳ ಮಗುವನ್ನು ಸ್ಟ್ರಾಲರ್‌ನಲ್ಲಿ ಕಾಲು ಮಡಿಸಿ ಕೂರಿಸಿ ಒಳಗೆ ನುಗ್ಗಿಸುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನಿಸುತ್ತದೆ.

ಒಮ್ಮೆ ಇಂಥದೇ ಒಂದು ಪಾರ್ಕಿನ ಗೇಟಿನಲ್ಲಿ ನಮ್ಮ ಮುಂದೆಯೇ ಇದು ನಡೆಯಿತು. ಟಿಕೆಟ್ ಸ್ಕ್ಯಾನ್ ಮಾಡುತ್ತಿದ್ದ ಹೆಂಗಸು ತಪಾಸಣೆಗಲ್ಲ, ಬರೀ ಅಕ್ಕರೆಯಿಂದ ಮಗುವಿಗೆ ಎಷ್ಟು ವರ್ಷ ಎಂದು ಕೇಳಿದಳು. ಮಗು ಹೆಬ್ಬೆರಳಿನಿಂದ ಕಿರುಬೆರಳನ್ನು ಕಷ್ಟಪಟ್ಟು ಅಮುಕಿ ಹಿಡಿದು, ಉಳಿದ ಮೂರು ಬೆರಳನ್ನು ಹೆಮ್ಮೆಯಿಂದ ಎತ್ತಿ ತೋರಿಸಿತು. ತಂದೆ ಅದರ ಒಂದು ಬೆರಳನ್ನು ಮೆಲ್ಲಗೆ ಮಡಚಿ, “ಎರಡು ಅನ್ನು ಪುಟ್ಟಾ, ಎರಡು” ಎಂದರು, ಕನ್ನಡದಲ್ಲಿ. ಹೆಂಗಸಿಗೆ ಭಾಷೆ ತಿಳಿಯದಿದ್ದರೂ ಬೆರಳಿನ ಲೆಕ್ಕ ತಿಳಿಯಿತು. ನಕ್ಕು ಒಳಗೆ ಬಿಟ್ಟಳು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುವುದು ಸರಿಯೇ, ಆದರೆ ನನ್ನನ್ನು ಕಾಡಿದ್ದು ಮಾನಕ್ಕಿಂತ ಹೆಚ್ಚಾಗಿ ಆ ಕನ್ನಡ. ಇಲ್ಲಿ ಹುಟ್ಟಿದ ಮಕ್ಕಳ ಕಿವಿಗೆ ಮನೆಯ ಹೊರಗೆ ಕನ್ನಡ ಬೀಳುವುದೇ ಅಪರೂಪ. ಹಾಗೆ ಬಿದ್ದಾಗಲೆಲ್ಲ ಅದು ‘ಅವರಿಗೆ ಹೇಳಬೇಡ’, ‘ಸುಮ್ಮನಿರು’, ‘ಎರಡು ಅನ್ನು’ ಎಂಬಂಥ ಮಾತೇ ಆಗಿದ್ದರೆ, ಕನ್ನಡವೆಂದರೆ ಬೇರೆಯವರಿಂದ ಮುಚ್ಚಿಡಲು ಇರುವ ಮಾತು ಎಂದೇ ಮಗು ತಿಳಿಯುತ್ತದೆ. ಮುಂದೆ ಅದೇ ಮಗು ಶಾಲೆಯ ಬಾಗಿಲಲ್ಲಿ ನಾವು ಕನ್ನಡದಲ್ಲಿ ಕರೆದಾಗ ಮುಜುಗರಪಟ್ಟುಕೊಂಡರೆ ತಪ್ಪು ಬರೀ ಶಾಲೆಯದಲ್ಲ.

ಇನ್ನು ಉಚಿತವಾಗಿ ಒಳಗೆ ಹೋದ ಮಗುವಿಗೆ ಸಿಗುವುದೇನು? ಒಳಗಿನ ನಿಜವಾದ ಗಡಿ ವಯಸ್ಸಿನದಲ್ಲ, ಎತ್ತರದ್ದು. ಬೆಂಗಳೂರಿನ ವಂಡರ್‌ಲಾದಲ್ಲಿ ಟಿಕೆಟ್ಟಿಗೇ ಎತ್ತರ ಅಳೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಎರಡೂವರೆ ವರ್ಷದ ಮಗು ಸಾಮಾನ್ಯವಾಗಿ 36 ಇಂಚಿನ ಆಸುಪಾಸಿನಲ್ಲಿರುತ್ತದೆ. ಡಿಸ್ನಿಲ್ಯಾಂಡ್‌ನ ಸ್ಪೇಸ್ ಮೌಂಟನ್ ಎಂಬ ರೈಡ್ ಹತ್ತಲು 40 ಇಂಚು ಬೇಕು, ಮ್ಯಾಟರ್‌ಹಾರ್ನ್‌ಗೆ 42, ಇಂಡಿಯಾನಾ ಜೋನ್ಸ್‌ಗೆ 46. ಹೀಗಾಗಿ ಈ ವಯಸ್ಸಿನವರಿಗೆ ಉಳಿಯುವುದು ಡಂಬೊ ಆನೆ, ತಿರುಗುವ ಕುದುರೆಗಳು, ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ದೋಣಿ, ರೈಲು, ಮೆರವಣಿಗೆ. ಮಗುವಿನ ಮಟ್ಟಿಗೆ ಇವೇ ಧಾರಾಳ. ಬೇಸರವಾಗುವುದು ಅಪ್ಪ ಅಮ್ಮಂದಿರಿಗೆ. ಅವರಿಗಾಗಿ ರೈಡರ್ ಸ್ವಿಚ್ ಎಂಬ ವ್ಯವಸ್ಥೆಯಿದೆ: ಒಬ್ಬರು ಹತ್ತಿ ಬರುವವರೆಗೆ ಇನ್ನೊಬ್ಬರು ಮಗುವಿನೊಂದಿಗೆ ಹೊರಗಿದ್ದು, ಆಮೇಲೆ ಉದ್ದನೆಯ ಸಾಲಿನಲ್ಲಿ ಮತ್ತೆ ಮೊದಲಿಂದ ನಿಲ್ಲದೆ ಹತ್ತಬಹುದು. ಸಾಲಿಗೆ ಸೇರುವ ಮೊದಲೇ ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಿಕೊಳ್ಳಿ.

ಊಟದ ವಿಷಯದಲ್ಲಿ ಹೊಸಬರು ಅನಗತ್ಯವಾಗಿ ಹೆದರುತ್ತಾರೆ. ಮನೆಯ ಊಟವನ್ನು ಡಿಸ್ನಿಯ ಒಳಗೆ ಒಯ್ಯಬಹುದು. ಗಾಜಿನ ಬಾಟಲಿ ಮತ್ತು ಬಿಡಿ ಮಂಜುಗಡ್ಡೆ ಬೇಡ. ಡಿಸ್ನಿ ಪಾರ್ಕುಗಳಲ್ಲಿ ಬೇಬಿ ಕೇರ್ ಸೆಂಟರ್ ಎಂಬ ತಂಪಾದ, ಸದ್ದಿಲ್ಲದ ಜಾಗವಿದ್ದು, ಅಲ್ಲಿ ಬಟ್ಟೆ ಬದಲಿಸಲು, ಹಾಲೂಡಿಸಲು ಅನುಕೂಲವಿದೆ. ಮಗುವಿನ ಊಟ ಬಿಸಿ ಮಾಡಲು ಮೈಕ್ರೋವೇವ್ ಸಹ ಇದೆ. ಮೆತ್ತಗೆ ಕಿವುಚಿದ ಬೇಳೆಸಾರನ್ನದ ಡಬ್ಬಿಯನ್ನು ಅಲ್ಲಿ ಬಿಸಿ ಮಾಡಿ ತಿನ್ನಿಸಿದರೆ ಮಧ್ಯಾಹ್ನದ ನಿದ್ದೆ ತಾನಾಗಿ ಬರುತ್ತದೆ, ಆ ನಿದ್ದೆಯ ಮೇಲೆ ಇಡೀ ಸಂಜೆ ನಿಂತಿದೆ. ಮಕ್ಕಳನ್ನು ಕೂರಿಸಿ ಎಳೆಯುವ ವ್ಯಾಗನ್ ಗಾಡಿಗಳನ್ನು 2019ರಿಂದ ಒಳಗೆ ಬಿಡುವುದಿಲ್ಲ, ಸ್ಟ್ರಾಲರ್ 31 ಇಂಚು ಅಗಲ ಮತ್ತು 52 ಇಂಚು ಉದ್ದವನ್ನು ಮೀರಬಾರದು.

ಇಷ್ಟು ಚಿಕ್ಕ ಮಗುವಿಗೆ ಏನೂ ನೆನಪಿರುವುದಿಲ್ಲ, ಹೋಗುವುದೇ ದಂಡ ಎನ್ನುವವರ ವಾದವನ್ನು ನಾನು ಒಪ್ಪುವುದಿಲ್ಲ. ನಾಮಕರಣವೂ ಮಗುವಿಗೆ ನೆನಪಿರುವುದಿಲ್ಲ, ಹಾಗೆಂದು ಯಾರೂ ಬಿಟ್ಟಿಲ್ಲ. ಅಜ್ಜ ಅಜ್ಜಿ ಬಂದಿರುವಾಗ ಆ ಪ್ರವಾಸಕ್ಕೆ ಬೇರೆಯದೇ ಬೆಲೆಯಿದೆ: ಮೆರವಣಿಗೆ ಬರುವ ಮೊದಲೇ ನೆರಳಿನ ಬೆಂಚು ಹಿಡಿದು ಕೂತು, ಮೊಮ್ಮಗುವಿಗೆ ಮೊಸರನ್ನ ತಿನ್ನಿಸುತ್ತ ಮಿಕ್ಕಿಮೌಸನ್ನು ತೋರಿಸುವ ಭಾಗ್ಯ ಅವರಿಗೆ ಎಷ್ಟು ಸಲ ಸಿಕ್ಕೀತು? ಆದರೆ ಅವರು ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಜುಲೈ ತಿಂಗಳ ಒರ್ಲ್ಯಾಂಡೊದ ಸೆಕೆಗೆ, ಮಧ್ಯಾಹ್ನದ ಗುಡುಗು ಮಳೆಗೆ ಹಿರಿಯರನ್ನೂ ಮಗುವನ್ನೂ ಒಡ್ಡುವುದಕ್ಕಿಂತ ಅನಾಹೈಮ್ ವಾಸಿ.

ಮತ್ತೊಂದು ಗಡಿಯನ್ನೂ ಇದರ ಜೊತೆಗೇ ಲೆಕ್ಕ ಹಾಕಬೇಕು. ವಿಮಾನಕ್ಕೆ ಮಗುವಿನ ಗಡಿ ಮೂರಲ್ಲ, ಎರಡು. ಎರಡು ತುಂಬಿದ ಮೇಲೆ ಅದಕ್ಕೆ ಬೇರೆ ಸೀಟು ಕೊಳ್ಳಲೇಬೇಕು. ಆದ್ದರಿಂದ ಎರಡೂವರೆ ವರ್ಷದ ಮಗುವಿನೊಂದಿಗೆ ಫ್ಲಾರಿಡಾಕ್ಕೆ ಹಾರುವವರು ಗೇಟಿನಲ್ಲಿ ಉಳಿಸಿದ್ದರಲ್ಲಿ ಬಹುಪಾಲನ್ನು ವಿಮಾನಕ್ಕೆ ಕೊಟ್ಟಿರುತ್ತಾರೆ. ಭಾರತಕ್ಕೆ ಹೋಗುವಾಗಲೂ ಇದೇ ನಿಯಮ: ಎರಡು ತುಂಬದ ಮಗು ತೊಡೆಯ ಮೇಲೆ ಕೂತು ಹೋದರೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗ, ತುಂಬಿದರೆ ತನ್ನದೇ ಸೀಟು. ಹೋದಾಗ ಎರಡಾಗದೆ, ಊರಿನಲ್ಲಿದ್ದಾಗ ಎರಡು ತುಂಬಿದರೆ ಹಿಂದಿರುಗುವ ಪಯಣಕ್ಕೆ ಸೀಟು ಬೇಕೇ ಬೇಕು.

ಎರಡರಿಂದ ಮೂರರ ಈ ಒಂದೇ ವರ್ಷಕ್ಕೆ ನಮ್ಮ ಮನೆಗಳಲ್ಲಿ ಇನ್ನೂ ಒಂದು ಬೇಡಿಕೆ ಇರುತ್ತದೆ. ಮೊದಲ ವರ್ಷ ಆಗದಿದ್ದ ಚೌಲ ಮೂರನೆಯ ವರ್ಷಕ್ಕೆ ಬರುತ್ತದೆ. ಧರ್ಮಸ್ಥಳದಲ್ಲೋ ತಿರುಪತಿಯಲ್ಲೋ ಮುಡಿ ಕೊಡುವ ಹರಕೆಯಿರುತ್ತದೆ. ಕೆಲಸದಲ್ಲಿ ಸಿಗುವ ರಜೆ ಮಾತ್ರ ಅಷ್ಟೇ. ಡಿಸ್ನಿಯ ಉಚಿತ ಪ್ರವೇಶ ಕೈತಪ್ಪುತ್ತದೆಂದು ಊರಿನ ಪ್ರವಾಸವನ್ನು ಮುಂದೂಡಿದ ಮನೆಗಳನ್ನು ನೋಡಿದ್ದೇನೆ, ಅವುಗಳಲ್ಲಿ ನಮ್ಮದೂ ಒಂದು. ಡಿಸ್ನಿಯ ಟಿಕೆಟ್ ಇಂದು ಬಿಟ್ಟರೆ ನಾಳೆ ದುಡ್ಡು ಕೊಟ್ಟು ಕೊಳ್ಳಬಹುದು. ಊರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಡಿ ತೆಗೆಸಬೇಕಾದ ಸೋದರಮಾವನಿಗೆ, ದಾರಿ ಕಾಯುವ ಮುತ್ತಜ್ಜಿಗೆ ಅಂಥ ಏರ್ಪಾಡು ಇಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಊರಿಗೆ ಹೋಗಿ.

ಪ್ರವಾಸದ ನಡುವೆಯೇ ಮೂರು ತುಂಬುವುದಿದ್ದರೆ ಪಾರ್ಕಿನ ದಿನಗಳನ್ನು ಹುಟ್ಟುಹಬ್ಬದ ಮುಂಚೆ ಇಟ್ಟುಕೊಳ್ಳಿ. ಅದರಲ್ಲಿ ಮೋಸವೇನೂ ಇಲ್ಲ. ಹುಟ್ಟುಹಬ್ಬದ ದಿನವೇ ಹೋಗಬೇಕೆಂಬ ಆಸೆಯಿದ್ದರೆ ಟಿಕೆಟ್ ಕೊಳ್ಳಿ, ಒಳಗೆ ಹೋದೊಡನೆ ಪಾರ್ಕಿನ ಸಿಟಿ ಹಾಲ್ ಎಂಬ ಕಚೇರಿಯಲ್ಲಿ ಹುಟ್ಟುಹಬ್ಬದ ಬಿಲ್ಲೆ ಕೇಳಿ ಪಡೆಯಿರಿ. ಅದಕ್ಕೆ ದುಡ್ಡಿಲ್ಲ, ಅಂಗಿಗೆ ಸಿಕ್ಕಿಸಿಕೊಂಡರೆ ದಿನವಿಡೀ ಸಿಬ್ಬಂದಿ ಮಗುವಿಗೆ ಶುಭಾಶಯ ಹೇಳುತ್ತಾ, ಎಷ್ಟು ತುಂಬಿತು ಎಂದು ಕೇಳುತ್ತಾ ಇರುತ್ತಾರೆ. ಗೇಟಿನಲ್ಲಿ ಎರಡು ಎಂದು ಹೇಳಿಸಿದವರು ಮಾತ್ರ ಆ ಬಿಲ್ಲೆಯ ಆಸೆ ಬಿಡಬೇಕಾಗುತ್ತದೆ.