ನನ್ನ ಅನುಭವ: ಮಾಹಿತಿ ಹಕ್ಕಿನಲ್ಲಿ ‘ದಾಖಲೆ’ ಅಂದರೆ ಏನೇನು

ನಮ್ಮ ಬೀದಿಗೆ ಕಾಂಕ್ರೀಟ್ ಹಾಕಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಒಡೆದು ಜಲ್ಲಿ ಮೇಲೆದ್ದಿತ್ತು. ಸಿಟ್ಟಿನಲ್ಲೇ ಮಾಹಿತಿ ಹಕ್ಕಿನಡಿ ಅರ್ಜಿ ಬರೆದೆ: ‘ರಸ್ತೆ ಇಷ್ಟು ಬೇಗ ಹಾಳಾಗಲು ಕಾರಣವೇನು? ಗುತ್ತಿಗೆದಾರರ ಮೇಲೆ ಏಕೆ ಕ್ರಮ ಕೈಗೊಂಡಿಲ್ಲ?’ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೊಟ್ಟು ಬಂದೆ. ಇನ್ನೇನು 30 ದಿನ ತುಂಬಬೇಕು ಅನ್ನುವಾಗ ಹಿಂಬರಹ ಬಂತು: ತಾವು ಕೋರಿರುವುದು ಪ್ರಶ್ನೆಯ ರೂಪದಲ್ಲಿದ್ದು, ಮಾಹಿತಿಯ ವ್ಯಾಖ್ಯೆಯಡಿ ಬರುವುದಿಲ್ಲ.

ನುಣುಚಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಎದುರಿಗಿಟ್ಟುಕೊಂಡು, ‘ಮಾಹಿತಿ’ ಅಂದರೇನು, ‘ದಾಖಲೆ’ ಅಂದರೇನು ಎಂದು ಹೇಳುವ ಸೆಕ್ಷನ್ 2(ಎಫ್), 2(ಐ) ಓದಿದ ಮೇಲೆ ಅವರ ಮಾತಿನಲ್ಲೂ ಹುರುಳಿದೆ ಅನ್ನಿಸಿತು. ಕಚೇರಿಯಲ್ಲಿ ಈಗಾಗಲೇ ಇರುವುದನ್ನು ಕೇಳಬಹುದೇ ಹೊರತು, ಇಲ್ಲದ ವಿವರಣೆಯನ್ನು ಹೊಸದಾಗಿ ಬರೆದುಕೊಡಿ ಎನ್ನಲಾಗದು. ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದ್ದೂ ಇದನ್ನೇ. ವಿದ್ಯಾರ್ಥಿ ಬರೆದ ಉತ್ತರಪತ್ರಿಕೆಯೂ ಮಾಹಿತಿಯೇ ಎಂದು ಎತ್ತಿಹಿಡಿದದ್ದು ಅದೇ ತೀರ್ಪು.

ಹಾಗಂತ ಈ ‘ಇರುವುದು’ ಸಣ್ಣದೇನಲ್ಲ. ಕಡತ, ಆದೇಶ, ಸುತ್ತೋಲೆ ಎಲ್ಲರಿಗೂ ಗೊತ್ತು. ಲಾಗ್‌ಬುಕ್, ಕರಾರು ಪತ್ರ, ಇಮೇಲ್, ಅಭಿಪ್ರಾಯ, ಸಲಹೆ, ಕಂಪ್ಯೂಟರಿನಲ್ಲಿ ತಯಾರಾದದ್ದು, ಕಡೆಗೆ ಸ್ಯಾಂಪಲ್ ಕೂಡ ಇದರೊಳಗೆ ಬರುತ್ತವೆ. 2(ಜೆ) ಪ್ರಕಾರ ಕಾಮಗಾರಿಯನ್ನೇ ಹೋಗಿ ಪರಿಶೀಲಿಸುವ ಹಕ್ಕೂ ನಮಗಿದೆ. ಇದು ಎಷ್ಟು ದೊಡ್ಡ ಹಕ್ಕು ಎಂಬುದು ನನಗಂತೂ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಪಕ್ಕದ ಮನೆಯವರು ನಿವೃತ್ತ ವರ್ಕ್ ಇನ್‌ಸ್ಪೆಕ್ಟರ್. ಒಂದು ರಸ್ತೆ ಆಗಬೇಕಾದರೆ ಯಾವ್ಯಾವ ಕಾಗದ ಹುಟ್ಟುತ್ತದೆ ಎಂದು ಅವರನ್ನು ಕೇಳಿದೆ. ಬೆರಳು ಮಡಿಸುತ್ತಾ ಹೇಳಿದರು: ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಪರೀಕ್ಷಾ ವರದಿ, ಬಿಲ್ಲು. “ಎಂ.ಬಿ. ಮಾತ್ರ ಮರೀಬೇಡಿ ಮೇಷ್ಟ್ರೇ, ಅದಿಲ್ಲದೆ ಬಿಲ್ ಆಗಲ್ಲ” ಅಂದರು. ಎಂ.ಬಿ. ಅಂದರೆ ಅಳತೆ ಪುಸ್ತಕ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡನೇ ಅರ್ಜಿಯಲ್ಲಿ ಒಂದೂ ‘ಏಕೆ’ ಇರಲಿಲ್ಲ. ಕಾಗದಗಳ ಹೆಸರು, ಜೊತೆಗೆ ಕಡತವನ್ನೂ ರಸ್ತೆಯನ್ನೂ ಪರಿಶೀಲಿಸಬೇಕೆಂಬ ಕೋರಿಕೆ, ಅಷ್ಟೇ.

ಉಳಿದದ್ದಕ್ಕೆಲ್ಲ ಒಪ್ಪಿದ ಕಚೇರಿಯವರು ಎರಡನ್ನು ತಡೆದರು. ಪರೀಕ್ಷಾ ವರದಿ ಖಾಸಗಿ ಪ್ರಯೋಗಾಲಯದ್ದಂತೆ, ಟಿಪ್ಪಣಿ ಹಾಳೆ ಆಂತರಿಕ ವಿಷಯವಂತೆ. 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿದೆ. ವರದಿ ಬರೆದವರು ಯಾರೇ ಆಗಿರಲಿ, ಅದನ್ನು ನೋಡಿ ಬಿಲ್ಲು ಪಾಸು ಮಾಡಿ ಕಡತಕ್ಕೆ ಸೇರಿಸಿಕೊಂಡದ್ದು ಕಚೇರಿ; ಕೇಳಬೇಕಾದದ್ದು ಅದು ಯಾರ ವಶದಲ್ಲಿದೆ ಎಂಬುದನ್ನು. ಟಿಪ್ಪಣಿ ಹಾಳೆಯಲ್ಲಿ ಇರುವುದೇ ಅಭಿಪ್ರಾಯ ಮತ್ತು ಸಲಹೆ, ಆ ಎರಡೂ ಪದ 2(ಎಫ್)ನಲ್ಲಿ ಅಚ್ಚಾಗಿವೆ. ಇಷ್ಟನ್ನೇ ಹೇಳಿದೆ, ಎರಡನ್ನೂ ಕೊಡುವಂತೆ ಆದೇಶವಾಯಿತು.

ಪರಿಶೀಲನೆಯ ದಿನ ವಿಷಯ ನಿರ್ವಾಹಕರು ಎಂ.ಬಿ. ತಂದು ಮೇಜಿನ ಮೇಲಿಟ್ಟರು. ಪುಟ ಪುಟಕ್ಕೂ ಅಚ್ಚಾದ ಸಂಖ್ಯೆ, ಉದ್ದ, ಅಗಲ, ದಪ್ಪಕ್ಕೆ ಬೇರೆ ಬೇರೆ ಅಂಕಣ. ನಮ್ಮ ಬೀದಿಯ ಸಾಲಿನಲ್ಲಿ ಬೆರಳಿಟ್ಟುಕೊಂಡು ಹೋದೆ. ದಪ್ಪ: 0.15 ಮೀಟರ್. ಅಂದರೆ 15 ಸೆಂಟಿಮೀಟರ್. ಬೆಳಿಗ್ಗೆ ತಾನೇ ಒಡೆದ ಅಂಚಿಗೆ ಸ್ಕೇಲು ಹಿಡಿದಾಗ ನನಗೆ ಸಿಕ್ಕಿದ್ದು 10. ಅಂಕಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊದಲ ಅರ್ಜಿಯ ಎರಡೂ ಪ್ರಶ್ನೆಗಳಿಗೆ ಉತ್ತರ ಆ ಒಂದು ಸಾಲಿನಲ್ಲಿತ್ತು.

ಮುಂದಿನ ವಾರ ಕಿರಿಯ ಎಂಜಿನಿಯರ್ ಬೀದಿಗೆ ಬಂದರು. ನನ್ನೆದುರೇ ಒಡೆದ ಅಂಚಿನ ನಾಲ್ಕು ಕಡೆ ಅಳೆದು, ಅಂಕಿಗಳನ್ನು ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಆ ಹಾಳೆಯೂ ಕಡತ ಸೇರಿತು, ಅದಕ್ಕೂ ಪುಟ ಸಂಖ್ಯೆ ಬಿತ್ತು. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಅದರ ದೃಢೀಕೃತ ನಕಲನ್ನೂ ತೆಗೆದುಕೊಂಡೆ.