ಲೌಟರ್‌ಬ್ರುನ್ನೆನ್ ಕಣಿವೆಗೆ ಯಾವಾಗ ಹೊರಡಬೇಕು?

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಗೆ ವರ್ಷವಿಡೀ ಪ್ರವಾಸ ಹೋಗಬಹುದಾದರೂ, ಅಲ್ಲಿನ ಹಿಮದಾಟಗಳ ಕಾಲವೇ ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲವೂ ಆಗಿರುವುದರಿಂದ, ನಮ್ಮ ಬೆಳೆಗಾರ ಕುಟುಂಬಗಳಿಗೆ ಮಳೆ ಇಳಿಮುಖವಾಗಿ ಕೊಯ್ಲು ಇನ್ನೂ ಆರಂಭವಾಗದ ಸೆಪ್ಟೆಂಬರ್ ತಿಂಗಳೇ ಸೂಕ್ತವೆಂದು ನನ್ನ ದೃಢ ಅಭಿಪ್ರಾಯ. ಆಗ ಸುಮಾರು 300 ಮೀಟರ್ ಎತ್ತರದಿಂದ ಧುಮುಕುವ ಸ್ಟೌಬ್‌ಬಾಖ್ ಜಲಪಾತದ ಬುಡದವರೆಗೆ ನಡೆದೇ ಹೋಗಿರಿ. ಕಾರುಗಳಿಗೆ ಪ್ರವೇಶವಿಲ್ಲದ ವೆಂಗೆನ್ ಊರಿಗೆ ರೈಲಿನಲ್ಲಿ ಏರಿರಿ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ಪರ್ವತ ರೈಲು ನಿಲ್ದಾಣವು ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 1,500 ಮೀಟರ್ ಮೇಲಿದ್ದು, ಅಲ್ಲಿ ಬೇಸಿಗೆಯಲ್ಲೂ ಹಿಮವಿರುವುದರಿಂದ ಉಣ್ಣೆಯ ಉಡುಪು, ಕೈಗವಸುಗಳನ್ನು ಒಯ್ಯಬೇಕು. ಹಿರಿಯರು ಜೊತೆಗಿದ್ದರೆ ಅವರು ಅವಸರದಿಂದ ನಡೆಯದಂತೆ ನೋಡಿಕೊಳ್ಳಬೇಕು. ನವೆಂಬರಿನಲ್ಲಿ ಕೆಲವು ಕೇಬಲ್ ಕಾರುಗಳು ನಿರ್ವಹಣೆಗಾಗಿ ನಿಲ್ಲುತ್ತವೆ. ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ 6 ತಿಂಗಳು ಮೊದಲೇ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.